ಪುಣ್ಯಕ್ಕೊಂದು ಮೀಟರು

ಗೇಮ್ ಆಡುವವರಿಗೆಲ್ಲ ಪರದೆಯ ಮೂಲೆಯ ಆ ಪಟ್ಟಿ ಗೊತ್ತು. ಒಬ್ಬ ರಾಕ್ಷಸನನ್ನು ಕೊಂದರೆ ಇಷ್ಟು ಪಾಯಿಂಟು, ಇಷ್ಟು ಪಾಯಿಂಟು ಕೂಡಿದರೆ ಒಂದು ಲೆವೆಲ್ಲು, ಲೆವೆಲ್ ಏರಿದರೆ ಕತ್ತಿಗೆ ಮೊನಚು, ಮೈಗೆ ಕಸುವು. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಪೆನ್ಸಿಲು ದಾಳ ಇಟ್ಟುಕೊಂಡು ಆಡುವ ಆಟದಿಂದ ಕಂಪ್ಯೂಟರಿಗೆ ಇಳಿದುಬಂದ ಲೆಕ್ಕ ಇದು. ಇದರ ಬಗ್ಗೆ ನನಗೆ ತಕರಾರಿಲ್ಲ. ಗರಡಿಮನೆಯಲ್ಲಿ ಎಷ್ಟು ಬಸ್ಕಿ ಹೊಡೆದೆ ಎಂದು ಎಣಿಸುವ ಹಾಗೆ ತೋಳ್ಬಲವನ್ನೂ ಎಣಿಸಬಹುದು. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಒಳ್ಳೆಯತನಕ್ಕೂ ಇಂಥದೊಂದು ಪಟ್ಟಿ ಇಟ್ಟರೆ ಅದನ್ನು ಆಡುವವನಿಗೆ ತೋರಿಸಬೇಕೋ, ಬಚ್ಚಿಡಬೇಕೋ?

ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ 4’ 1985ರಲ್ಲಿ ಬಂತು. ಅದರ ಉಪಶೀರ್ಷಿಕೆಯಲ್ಲಿ ‘ಅವತಾರ್’ ಎಂಬ ನಮ್ಮ ಶಬ್ದವೇ ಇದೆ. ಹಿಂದಿನ ಆಟ ಆಡಿದವರ ಪತ್ರಗಳನ್ನು ಓದಿದಾಗ, ಜನ ಕದ್ದು, ಊರಿನವರನ್ನೇ ಕೊಂದು ಗೆಲ್ಲುತ್ತಿದ್ದಾರೆಂದು ತಿಳಿಯಿತು, ಅದಕ್ಕೇ ಇದನ್ನು ಕಟ್ಟಿದೆ ಎಂದು ಅವರು ಹೇಳಿಕೊಂಡಿದ್ದಾರೆ. ಕೊನೆಯಲ್ಲಿ ಕೊಲ್ಲಬೇಕಾದ ಮಹಾಖಳ ಇದರಲ್ಲಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ ಈ ಎಂಟು ಗುಣಗಳಲ್ಲಿ ಆಡುವವನು ಪಳಗಬೇಕು. ಮಂತ್ರಕ್ಕೆ ಬೇಕಾದ ಬೇರು ನಾರು ಮಾರುವವರು ಕುರುಡಿಯರು. ಬೆಲೆ ಹೇಳುತ್ತಾರೆ, ಎಷ್ಟು ನಾಣ್ಯ ಇಡುತ್ತೀಯೋ ಅದು ನಿನಗೆ ಬಿಟ್ಟದ್ದು. ಕಡಿಮೆ ಇಟ್ಟರೂ ಸಾಮಾನು ಸಿಗುತ್ತದೆ, ಯಾರೂ ಗದರುವುದಿಲ್ಲ. ಒಳಗೆಲ್ಲೋ ಪ್ರಾಮಾಣಿಕತೆಯ ಅಂಕಿ ಇಳಿದಿರುತ್ತದೆ.

ಆ ಅಂಕಿಯನ್ನು ಆಟ ತೋರಿಸುವುದಿಲ್ಲ. ಇದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. ಹೊಡೆದಾಟದ ಅನುಭವದ ಅಂಕಿ ಪರದೆಯಲ್ಲಿ ಸಿಗುತ್ತದೆ, ಗುಣಗಳ ಅಂಕಿ ಮಾತ್ರ ಸಿಗದು. ತಿಳಿಯಬೇಕಾದರೆ ಅರಮನೆಯಲ್ಲಿರುವ ಹಾಕ್‌ವಿಂಡ್ ಎಂಬ ದ್ರಷ್ಟಾರನನ್ನು ಕೇಳಬೇಕು. ಅವನೂ ಸಂಖ್ಯೆ ಹೇಳುವುದಿಲ್ಲ. ದಾರಿ ಸರಿಯಿದೆ, ಇನ್ನೂ ದೂರವಿದೆ ಎಂಬ ಧಾಟಿಯ ಮಾತು. ಒಂದೇ ಆಟದಲ್ಲಿ ಎರಡು ಖಾತೆ, ಒಂದು ತೆರೆದದ್ದು, ಇನ್ನೊಂದು ಮುಚ್ಚಿದ್ದು. ನಮ್ಮ ಚಿತ್ರಗುಪ್ತನದೂ ಇದೇ ಪದ್ಧತಿಯಲ್ಲವೇ? ಲೆಕ್ಕ ಪಕ್ಕಾ ಇರುತ್ತದೆ, ಆದರೆ ಬದುಕಿರುವಾಗ ಪಾಸ್‌ಬುಕ್ಕು ಕೈಗೆ ಸಿಗುವುದಿಲ್ಲ. ವಿನಯದ ಪಟ್ಟಿಯನ್ನು ಬೇರೆ ಹೇಗೆ ಇಡಲು ಸಾಧ್ಯ? ‘ವಿನಯ ನೂರಕ್ಕೆ ತೊಂಬತ್ತೆಂಟು’ ಎಂದು ಪರದೆಯಲ್ಲಿ ಓದಿ ಬೀಗಿದವನ ಅಂಕಿ ಆ ಕ್ಷಣವೇ ಇಳಿಯಬೇಕು!

ತೋರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ‘ಮಾಸ್ ಎಫೆಕ್ಟ್’ ಸರಣಿ ಇದೆ. 2007ರಲ್ಲಿ ಶುರುವಾದ ಇದರಲ್ಲಿ ಸೌಜನ್ಯದ ದಾರಿಗೆ ನೀಲಿ ಪಟ್ಟಿ, ಒರಟು ದಾರಿಗೆ ಕೆಂಪು. ಮಾತಿನ ಆಯ್ಕೆಗಳಲ್ಲೂ ಮೇಲಿನದು ಸಾಮಾನ್ಯವಾಗಿ ಸೌಮ್ಯ, ಕೆಳಗಿನದು ಕಟು. ಒಂದು ಬಣ್ಣ ಸಾಕಷ್ಟು ತುಂಬಿದರೆ ಮಾತ್ರ ಕೆಲವು ಮಾತುಗಳು ತೆರೆಯುತ್ತವೆ. ಹಾಗಾಗಿ ಎರಡನ್ನೂ ಬೆರೆಸಿದವನಿಗೆ ನಷ್ಟ. ಹೈದರಾಬಾದಿನಲ್ಲಿ ಓದುವ ನನ್ನ ಅಕ್ಕನ ಮಗ ಇದನ್ನು ಆಡುವುದನ್ನು ನೋಡಿದ್ದೇನೆ. ಎದುರಿನ ಪಾತ್ರ ತನ್ನ ಸಂಕಟ ಹೇಳುತ್ತಿದ್ದರೂ ಅವನು ಕೇಳುವುದಿಲ್ಲ, ನೇರ ಮೇಲಿನ ಸಾಲು ಒತ್ತುತ್ತಾನೆ. ಅವಳು ಏನು ಹೇಳಿದಳೋ ಎಂದರೆ, ‘ಗೊತ್ತಿಲ್ಲ ಮಾಮ, ನಾನು ಫುಲ್ ಬ್ಲೂ ಹೋಗ್ತಿದ್ದೀನಿ’ ಎಂದ. ದಯೆ ತೋರಿಸಿದ, ಆದರೆ ಯಾರಿಗೆ ಎಂದು ತಿಳಿಯದೆ.

ಬಚ್ಚಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ‘ಅಲ್ಟಿಮಾ’ದ ಗುಟ್ಟು ತಿಳಿದ ಮೇಲೆ ಜನ ಭಿಕ್ಷುಕನ ಮುಂದೆ ನಿಂತು ಒಂದೊಂದೇ ನಾಣ್ಯವನ್ನು ಮತ್ತೆ ಮತ್ತೆ ಕೊಟ್ಟು ಕರುಣೆ ಬೆಳೆಸಿಕೊಂಡರು. ನಮ್ಮಲ್ಲೂ ದೇವಸ್ಥಾನದ ಹೊರಗೆ ಚಿಲ್ಲರೆ ಮಾಡಿಸಿಕೊಂಡು ಸಾಲಾಗಿ ಹಂಚುವವರಿದ್ದಾರೆ. ಅವರಿಗೆ ಯಾವ ಪರದೆಯೂ ಬೇಕಾಗಿರಲಿಲ್ಲ.

ಇನ್ನೊಂದು ತೊಡಕು ನನ್ನ ಕಸುಬಿನಿಂದ ಬಂದದ್ದು. ಪುಣೆಯಲ್ಲಿ ನಾನು ಮಾಡುವುದು ಆ್ಯಪ್‌ಗಳ ಪರದೆ ವಿನ್ಯಾಸದ ಕೆಲಸ. ಬಳಸುವವನು ಏನು ಮಾಡಿದರೆ ಏನಾಯಿತು ಎಂದು ಅವನಿಗೆ ಕಾಣಬೇಕು, ಇದು ನಮ್ಮ ಮೊದಲ ಪಾಠ. ಬೈಕಿನಲ್ಲಿ ಊಟ ತಂದುಕೊಡುವ ಹುಡುಗನ ಸ್ಟಾರ್ ಇಳಿದರೆ ಅವನ ಗಳಿಕೆಯೂ ಇಳಿಯಬಹುದು. ಏಕೆ ಇಳಿಯಿತು ಎಂದು ಅವನಿಗೆ ತಿಳಿಸದಿರುವುದು ಅನ್ಯಾಯ. ಅಲ್ಲಿ ಚಿತ್ರಗುಪ್ತನ ಪದ್ಧತಿ ನಡೆಯಬಾರದು. ಹಾಗಾದರೆ ಗೆರೆ ಎಲ್ಲಿ? ಯಾರೋ ನನ್ನ ಮೇಲೆ ಅಧಿಕಾರ ನಡೆಸಲು ಇಟ್ಟ ಲೆಕ್ಕ ನನಗೆ ಕಾಣಲೇಬೇಕು. ನಾನು ಎಂಥವನಾಗುತ್ತಿದ್ದೇನೆ ಎಂಬುದರ ಲೆಕ್ಕ ಕಾಣದಿದ್ದರೇ ಒಳ್ಳೆಯದು, ಕಂಡರೆ ಅದು ನನ್ನ ಗಮನವನ್ನು ಎದುರಿನವರಿಂದ ಕಿತ್ತು ನನ್ನತ್ತ ತಿರುಗಿಸುತ್ತದೆ. ಕಚೇರಿಯ ಅಪ್ರೈಸಲ್ ಈ ಎರಡನ್ನೂ ಒಂದೇ ಹಾಳೆಯಲ್ಲಿ ಕಲಸುತ್ತದೆ. ಅದರ ಮಾತು ಇಲ್ಲಿ ಬೇಡ.

2015ರ ‘ಅಂಡರ್‌ಟೇಲ್’ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. (ಆಡುವ ಆಸೆಯಿದ್ದವರು ಮುಂದಿನ ಎರಡು ವಾಕ್ಯ ಬಿಟ್ಟುಬಿಡಿ.) ಉದ್ದಕ್ಕೂ ಎಲ್ಲ ಆಟಗಳಂತೆ ಅನುಭವ, ಲೆವೆಲ್ ಎಂದು ಏರುತ್ತಿದ್ದ ಅಂಕಿ, ಕೊನೆಗೆ ನೋಡಿದರೆ ಎಷ್ಟು ಜನಕ್ಕೆ ನೋವು ಕೊಟ್ಟೆ, ಎಷ್ಟು ಕ್ರೂರನಾದೆ ಎಂಬುದರ ಅಳತೆ. ಯಾರನ್ನೂ ಕೊಲ್ಲದವನು ಕೊನೆಯವರೆಗೂ ಒಂದನೇ ಲೆವೆಲ್ಲಿನಲ್ಲೇ ಇರುತ್ತಾನೆ.

‘ಸೆಕೆಂಡ್ ಲೈಫ್’ ಇನ್ನೊಂದು ತರಹದ್ದು. 2003ರಲ್ಲಿ ಲಿಂಡನ್ ಲ್ಯಾಬ್ ತೆರೆದ ಆ ಲೋಕದಲ್ಲಿ ಲೆವೆಲ್ಲೇ ಇಲ್ಲ, ಗೆಲುವೂ ಇಲ್ಲ. ಏರುವುದೆಂದರೆ ಒಳ್ಳೆಯ ಮೈಕಟ್ಟು, ಕೂದಲು, ಒಡವೆ ಕೊಂಡು ಹಾಕಿಕೊಳ್ಳುವುದು. ಹಳೆಯ ಉಚಿತ ಬಟ್ಟೆಯಲ್ಲಿ ಬಂದವನು ಹೊಸಬ ಎಂದು ಎಲ್ಲರಿಗೂ ತಕ್ಷಣ ತಿಳಿಯುತ್ತದೆ, ದಾದರ್ ಸ್ಟೇಷನ್ನಿನಲ್ಲಿ ಮೊದಲ ದಿನ ಇಳಿದವನ ಹಾಗೆ. ಆ ಲೋಕವನ್ನು ನೋಡುವ ತಂತ್ರಾಂಶಕ್ಕೆ ‘ವ್ಯೂವರ್’ ಎನ್ನುತ್ತಾರೆ. 2007ರಲ್ಲಿ ಅದರ ಸೋರ್ಸ್ ಕೋಡನ್ನು ಬಹಿರಂಗ ಮಾಡಿದ ಮೇಲೆ ‘ಫೈರ್‌ಸ್ಟಾರ್ಮ್’ನಂಥ ಬೇರೆಯವರ ವ್ಯೂವರ್‌ಗಳೂ ಬಂದವು. ಒಂದೇ ಜಾಗದಲ್ಲಿ ನಿಂತ ಇಬ್ಬರಿಗೆ ಕಾಣುವುದು ಒಂದೇ ಅಲ್ಲ.

ಅದರಲ್ಲೊಂದು ಸೆಟ್ಟಿಂಗ್ ಇದೆ. ಎದುರಿನವರ ಅಲಂಕಾರ ನನ್ನ ಕಂಪ್ಯೂಟರಿಗೆ ಹೊರೆಯಾದರೆ ಅವರನ್ನು ಪೂರ್ತಿ ಬಿಡಿಸದೆ ಒಂದೇ ಬಣ್ಣದ ಬೊಂಬೆಯಾಗಿ ತೋರಿಸು ಎಂದು ಹೇಳಬಹುದು. ‘ಜೆಲ್ಲಿ ಡಾಲ್’ ಎಂದು ಅದಕ್ಕೆ ಹೆಸರು. ಬೇಕಾದವರನ್ನು ಮಾತ್ರ ಸದಾ ಪೂರ್ತಿಯಾಗಿ ತೋರಿಸು ಎಂದೂ ಹೇಳಬಹುದು. ಹಳೆಯ ಲ್ಯಾಪ್‌ಟಾಪ್ ಇದ್ದವನಿಗೆ ಇದು ಅನಿವಾರ್ಯ, ಅದರಲ್ಲಿ ತಪ್ಪಿಲ್ಲ. ಅತ್ತ ಹೊರೆಯಾದವನಿಗೂ ಒಂದು ಸೂಚನೆ ಬರುತ್ತದೆ: ಸುತ್ತಲಿನ ಹಲವರಿಗೆ ನೀನು ಕಾಣಿಸದಿರಬಹುದು. ಯಾರಿಗೆ ಎಂದು ಹೇಳುವುದಿಲ್ಲ. ಅದನ್ನು ಓದಿ ಕೆಲವರು ಒಡವೆ, ಕೂದಲು, ರೆಕ್ಕೆಗಳನ್ನು ಒಂದೊಂದಾಗಿ ಕಳಚಿಡುತ್ತಾರೆ. ಎದುರಿನವರ ಕಂಪ್ಯೂಟರಿನ ಮೇಲಿನ ಕನಿಕರವೋ, ತಾನು ಕಾಣಿಸಬೇಕೆಂಬ ಆಸೆಯೋ ನೋಡುವವರಿಗೆ ತಿಳಿಯದು. ಅಲ್ಲಿ ಅದಕ್ಕೆ ಪಾಯಿಂಟೂ ಇಲ್ಲ.