ದೂರು ಕೊಡದ ಲಿವರ್

ಮೀನಿಗೆ ನೋವು ಗೊತ್ತಾಗುತ್ತದೆಯೇ ಎಂಬ ಜಗಳ ಇನ್ನೂ ಮುಗಿದಿಲ್ಲ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವಿನ ಸೂಚನೆ ಹಿಡಿಯುವ ನರಗಳಿವೆ ಎಂದು ತೋರಿಸಿದರು. ನಮ್ಮಂಥ ಮಿದುಳಿನ ಹೊರಪದರವೇ ಇಲ್ಲದ ಮೀನಿಗೆ ನೋವಿನ ಅನುಭವ ಸಾಧ್ಯವಿಲ್ಲ ಎಂದು 2016ರಲ್ಲಿ ಬ್ರಯಾನ್ ಕೀ ವಾದಿಸಿದರು. ಇಬ್ಬರೂ ಹುಡುಕುತ್ತಿರುವುದು ಮೀನಿನ ಅನುಭವವನ್ನು. ನನಗೆ ಅದರ ಲಿವರ್ ಹೆಚ್ಚು ಕಾಡುತ್ತದೆ.

ಮೀನನ್ನು ಬಲೆಯಲ್ಲಿ ಎತ್ತಿದರೆ ಅಥವಾ ತೊಟ್ಟಿಯಲ್ಲಿ ಇಕ್ಕಟ್ಟಾಗಿ ತುಂಬಿದರೆ ರಕ್ತಕ್ಕೆ ಮೊದಲು ಅಡ್ರಿನಲಿನ್ ಬರುತ್ತದೆ, ನಿಮಿಷಗಳಲ್ಲಿ ಕಾರ್ಟಿಸಾಲ್. ಅಡ್ರಿನಲಿನ್ ಲಿವರ್ ಕೋಶದ ಹೊರಗಿನ ಗ್ರಾಹಕಕ್ಕೆ ಅಂಟಿಕೊಂಡರೆ ಸಾಕು, ಒಳಗೆ ಕೂಡಿಟ್ಟ ಗ್ಲೈಕೋಜನ್ ಒಡೆದು ಗ್ಲೂಕೋಸ್ ಆಗಿ ಹೊರಡುತ್ತದೆ. ಕಾರ್ಟಿಸಾಲ್ ಕೋಶದೊಳಕ್ಕೇ ಹೋಗಿ, ಅಲ್ಲಿರುವ ಗ್ರಾಹಕದ ಜೊತೆಗೂಡಿ ಜೀನ್‌ಗಳನ್ನೇ ಆನ್, ಆಫ್ ಮಾಡುತ್ತದೆ. ಟ್ರೌಟ್‌ನ ಲಿವರ್ ಕೋಶಗಳಲ್ಲಿ ಅದು 'ಸಾಕ್ಸ್' ಎಂಬ ಪ್ರೋಟೀನ್‌ಗಳನ್ನು ಹೆಚ್ಚಿಸುತ್ತದೆ (ಕಾಲಿಗೆ ಹಾಕುವುದಲ್ಲ). ಅವು ಬೆಳವಣಿಗೆಯ ಹಾರ್ಮೋನಿನ ಸಂದೇಶವನ್ನು ದಾರಿಯಲ್ಲೇ ತಡೆಯುತ್ತವೆ. ಹಾರ್ಮೋನು ಬಂದಿರುತ್ತದೆ, ಆದರೆ ಕೋಶಕ್ಕೆ ಕೇಳಿಸುವುದಿಲ್ಲ. ಇರುವ ಶಕ್ತಿ ಇವತ್ತು ಬದುಕುವುದಕ್ಕೆ, ಬೆಳೆಯುವುದು ಆಮೇಲೆ.

ಇದರಲ್ಲಿ ಯಾರಿಗೂ ನೋವಾಗಬೇಕಿಲ್ಲ. ಮೀನಿನಿಂದ ಬೇರ್ಪಡಿಸಿ ಗಾಜಿನ ತಟ್ಟೆಯಲ್ಲಿಟ್ಟ ಕೋಶಗಳಿಗೆ ಕಾರ್ಟಿಸಾಲ್ ಹಾಕಿದರೂ ಇದೇ ನಡೆಯುತ್ತದೆ. ಹಾಗಾದರೆ ಇಲ್ಲಿ ನೀತಿಯ ಪ್ರಶ್ನೆ ಎಲ್ಲಿದೆ ಎಂದು ಕೇಳಬಹುದು. ತಟ್ಟೆಯ ಕೋಶಕ್ಕೆ ಅನ್ಯಾಯವಾಯಿತು ಎಂದು ನಾನೂ ಹೇಳಲಾರೆ. ಅದು ಉಳಿಸುವುದು, ಕಳೆಯುವುದು ಯಾರಿಗಾಗಿಯೂ ಅಲ್ಲ. ತೊಟ್ಟಿಯ ಮೀನಿನ ವಿಷಯ ಬೇರೆ. ಅಲ್ಲಿ ತಡೆಹಿಡಿದ ಬೆಳವಣಿಗೆ ಒಂದು ಜೀವದ್ದು. ಅದಕ್ಕೆ ಗೊತ್ತಾಗದೆ ಇರಬಹುದು, ನಷ್ಟವಂತೂ ಅದರದ್ದೇ. ನಿದ್ದೆಯಲ್ಲಿರುವವನ ಜೇಬಿಗೆ ಕೈಹಾಕಿದವನು 'ಅವನಿಗೆ ಏನೂ ಅನ್ನಿಸಲಿಲ್ಲವಲ್ಲ' ಎಂದರೆ ಒಪ್ಪುತ್ತೇವೆಯೇ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುವುದು. ಕಾರ್ಟಿಸಾಲ್ ಬಹಳ ದಿನ ಮೇಲೇ ಇದ್ದರೆ ಲಿವರ್ ಕೋಶಗಳು ಅದರ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತವೆ. ಎಷ್ಟೋ ಸಲ ತೊಂದರೆ ಮುಂದುವರಿದಿದ್ದರೂ ರಕ್ತದ ಕಾರ್ಟಿಸಾಲ್ ಮಾಮೂಲಿನ ಹತ್ತಿರಕ್ಕೆ ಇಳಿದಿರುತ್ತದೆ. ಅಂಥ ಮೀನಿನ ರಕ್ತ ಪರೀಕ್ಷಿಸಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನಾನು ಹೈದರಾಬಾದಿನಲ್ಲಿ ಹತ್ತೊಂಬತ್ತು ಜನರ ಪ್ರಾಜೆಕ್ಟ್ ನಡೆಸುತ್ತೇನೆ. ಮೀನಿಗೂ ಇಂಜಿನಿಯರಿಗೂ ಹೋಲಿಕೆ ಎಳೆಯುವುದು ಸುಲಭ, ಅಷ್ಟೇ ಅಪಾಯ. ಇಂಜಿನಿಯರಿಗೆ ಬಾಯಿದೆ, ರಾಜೀನಾಮೆಯ ದಾರಿಯೂ ಇದೆ. ಆದರೂ ನಮ್ಮ ತಂಡದ ಈ ಸಲದ ಸ್ಟ್ರೆಸ್ ಸರ್ವೆಯ ಅಂಕ ಸುಧಾರಿಸಿದೆ. ಸತತ ಮೂರನೇ ತಿಂಗಳು ಶನಿವಾರವೂ ಕೆಲಸ ನಡೆಯುತ್ತಿರುವಾಗ! ಮೊದಲ ತಿಂಗಳು ಮೀಟಿಂಗಿನಲ್ಲಿ ಜಗಳವಾಡುತ್ತಿದ್ದ ಹುಡುಗಿ ಈಗ 'ಓಕೆ ಸರ್' ಎನ್ನುತ್ತಾಳೆ. ಆ ಅಂಕ ತೋರಿಸಿ ಶನಿವಾರಗಳನ್ನು ಇನ್ನೊಂದು ತಿಂಗಳು ಮುಂದುವರಿಸಬಹುದು ಎಂದು ಮೇಲಿನವರ ಲೆಕ್ಕ. ಅದಕ್ಕೆ ನನ್ನ ಒಪ್ಪಿಗೆ ಬೇಕು. ಅಂಕ ಸುಳ್ಳೆಂದು ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ, ಅವಳೂ ದೂರು ಕೊಟ್ಟಿಲ್ಲ. ಶನಿವಾರ ಬೇಡ ಎಂದು ಬರೆದು ಕಳಿಸಿದ್ದೇನೆ. ಕಾರಣದ ಕಾಲಂ ಖಾಲಿ ಬಿಟ್ಟಿದ್ದೇನೆ.