ರಿಪೋರ್ಟ್ ನಾರ್ಮಲ್ ಬಂದ ಮೇಲೂ

2 ಅರಸುಗಳು 20ನೇ ಅಧ್ಯಾಯ ತೆಗೀರಿ. ಹಿಜ್ಕೀಯ ಅತ್ತು ಪ್ರಾರ್ಥಿಸಿದ, ದೇವರು ಕೇಳಿದನು. ಆದರೂ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ. ಪ್ರಾರ್ಥನೆಯೂ ಇತ್ತು, ಔಷಧವೂ ಇತ್ತು. ಆಮೆನ್?

ಯಾಕೆ ಹೇಳ್ತಿದ್ದೀನಿ? ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಲಿನೈಟಿಸ್ ಪ್ಲಾಸ್ಟಿಕಾ ಅಂತ ಅಪರೂಪದ, ಬೇಗ ಹರಡುವ ಒಂದು ಬಗೆ ಇದೆ. ಚಿಕ್ಕ ವಯಸ್ಸಿನವರಿಗೂ ಬರುತ್ತೆ. ಎಷ್ಟೋ ಸಲ ಗಡ್ಡೆಯಾಗಿ ಕಾಣಲ್ಲ. ಜಠರದ ಒಳಪದರದ ಕೆಳಗೆ ಹರಡಿ, ಗೋಡೆಯನ್ನು ಹಳೇ ಬುದ್ದಲಿಯ ಹಾಗೆ ಗಡುಸು ಮಾಡುತ್ತೆ. ಹೊಟ್ಟೆ ಹಿಗ್ಗಲ್ಲ, ನಾಲ್ಕು ತುತ್ತಿಗೇ ತುಂಬುತ್ತೆ, ತೂಕ ಇಳಿಯುತ್ತೆ. ನಾವು ಗ್ಯಾಸ್ಟ್ರಿಕ್ ಅಂದ್ಕೊಳ್ತೀವಿ. ಎಂಡೋಸ್ಕೋಪಿಯಲ್ಲಿ ಮೇಲ್ಪದರದ ಚೂರು ಮಾತ್ರ ಸಿಕ್ಕರೆ ಬಯಾಪ್ಸಿ ನಾರ್ಮಲ್ ಬರಬಹುದು. ಆಗ ಆಳದಿಂದ ಮತ್ತೆ ಬಯಾಪ್ಸಿ, ಸಿಟಿ ಸ್ಕ್ಯಾನ್, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕಾಗಬಹುದು.

ಆದ್ದರಿಂದ ಮೊದಲ ರಿಪೋರ್ಟ್ ನೋಡಿಯೇ ಸಾಕ್ಷಿ ಹೇಳಿ ಮುಗಿಸಬೇಡಿ. ಊಟ ಸೇರ್ತಿಲ್ಲ, ತೂಕ ಇಳೀತಾನೇ ಇದೆ ಅಂದ್ರೆ ಮತ್ತೆ ಡಾಕ್ಟರ್ ಹತ್ರ ಹೋಗಿ. ಅದು ಅವಿಶ್ವಾಸವಲ್ಲ. ಹೋಗುವವರಿಗೆ ನಂಬಿಕೆ ಕಡಿಮೆ ಅನ್ನಬೇಡಿ. ಅವರ ಜೊತೆ ಹೋಗಿ ಆಸ್ಪತ್ರೆಯಲ್ಲಿ ಕೂತ್ಕೊಳ್ಳಿ. ಕೆಟ್ಟ ಸುದ್ದಿಯೇ ಬಂದರೂ, ಕರ್ತನು ಆ ಕೋಣೆಯಲ್ಲಿ ಇದ್ದಾನೆ. ನಾವೂ ಇರೋಣ. ಆಮೆನ್.