ಆಣೆ ಯಾತರ ಮೇಲೆ?

ಹುಮನಾಬಾದಿನ ನನ್ನ ಡೆಂಟಿಂಗ್ ಅಂಗಡಿಗೆ ಗಾಡಿಗಿಂತ ಮೊದಲು ಫೋನು ಬರುತ್ತದೆ. "ಮಿಸ್ತ್ರಿ, ಬಂಪರ್, ಹೆಡ್‌ಲೈಟ್ ಎಷ್ಟಾಗ್ತದ ಹೇಳ್ರಿ, ಇಲ್ಲೇ ಮುಗಸ್ತೀವಿ." ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ, ಅದೇ 65ನೇ ನಂಬರಿನದು, ಎಲ್ಲಿ ಗಾಡಿ ತಾಗಿದರೂ ಮಂದಿ ಸೇರಿ ರಾಜಿ ಮಾಡಿಸುತ್ತಾರೆ. ಠಾಣೆ, ಕೋರ್ಟು ಅಂತ ಅಲೆಯುವುದು ಯಾರಿಗೆ ಬೇಕು? ತಗಡಿನ ಮಟ್ಟಿಗೆ ನಾನೂ ರೇಟು ಹೇಳುತ್ತೇನೆ.

ಆದರೆ ಬಸವಕಲ್ಯಾಣದ ಕ್ರಾಸು, ಸಸ್ತಾಪುರ ಬಂಗ್ಲಾದ ಹತ್ತಿರ ಕಾರು ತಾಗಿ ಬೈಕಿನವನೊಬ್ಬ ಬಿದ್ದ. ಎದ್ದು ಪ್ಯಾಂಟಿನ ಮಣ್ಣು ಝಾಡಿಸಿ, "ಏನೂ ಆಗಿಲ್ಲ ಬಿಡ್ರಿ" ಅಂದ. ಮೂರು ಸಾವಿರ ಕೊಟ್ಟು, ಮುಂದೆ ಏನೂ ಕೇಳುವುದಿಲ್ಲವೆಂದು ವೀರಭದ್ರನ ಆಣೆ ಹಾಕಿಸಿದರು. ಆ ರಾತ್ರಿ ಅವನಿಗೆ ಮಗ್ಗುಲು ಬದಲಿಸಲಾಗಲಿಲ್ಲ, ಪಕ್ಕೆಲುಬು ಬಿರಿದಿತ್ತು. ಹ್ಯಾಂಡಲ್ ಸೀದಾ ಮಾಡಿಸಲು ಬಂದಾಗ, ಕಾರಿನವರಿಗೆ ತಿಳಿಸು ಅಂದೆ. "ಆಣಿ ಮಾಡೀನಲ್ರಿ ಕಾಕಾ."

ದುಡ್ಡು ಕೊಟ್ಟವನು ಋಣ ತೀರಿತೆಂದು ಊರಿಗೆ ಹೋದ. ಪೆಟ್ಟು ತಿಂದವನು ದೇವರ ಕೈಗೆ ಸಿಕ್ಕಿಬಿದ್ದ. ಗೊತ್ತೇ ಇಲ್ಲದ ನೋವನ್ನು ಮಾಫಿ ಮಾಡಲು ಬರುತ್ತದೆಯೆ? ತಲೆಗೆ ಪೆಟ್ಟಾದವರು ಕೆಲವೊಮ್ಮೆ ಚಹ ಕುಡಿದು, ಮಾತಾಡಿ, ತಾಸುಗಳ ಮೇಲೆ ಎಚ್ಚರ ತಪ್ಪುತ್ತಾರೆ. ಅಷ್ಟು ಹೊತ್ತೂ ಬುರುಡೆಯೊಳಗೆ ರಕ್ತ ಕಟ್ಟುತ್ತಿರುತ್ತದೆ. ಬಾನೆಟ್ ಎತ್ತದೆ ನಾನು ಕಾರಿನದೇ ಪೂರ್ತಿ ಲೆಕ್ಕ ಹೇಳುವುದಿಲ್ಲ, ಒಳಗೆ ಚಾಸಿ ಬಾಗಿರಬಹುದು.

ನಮ್ಮ ಹೊಲದ ಪಾಲಿನ ಕೇಸಿನಲ್ಲಿ ವಕೀಲರ ಬಾಯಲ್ಲಿ ಮಿತಾಕ್ಷರದ ಹೆಸರು ಕೇಳಿ, ಆಮೇಲೆ ಅದರ ಬಗ್ಗೆ ಓದಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಅಮಲೇರಿದವನು, ಹೆದರಿದವನು, ಬಾಧೆಯಲ್ಲಿರುವವನು ಮಾಡಿದ ವ್ಯವಹಾರ ನಿಲ್ಲದು ಎಂಬುದು ಆ ಸ್ಮೃತಿಯ ಮತ. ರಸ್ತೆಯಲ್ಲಿ ಆಗಷ್ಟೇ ಬಿದ್ದೆದ್ದವನು ಹೆದರಿದವನೂ ಹೌದು, ಬಾಧೆಯಲ್ಲಿರುವವನೂ ಹೌದು. ಬಾಧೆ ಅವನಿಗೇ ಇನ್ನೂ ತಿಳಿದಿರುವುದಿಲ್ಲ, ಅಷ್ಟೆ. 1988ರ ಮೋಟಾರು ವಾಹನ ಕಾಯ್ದೆಯೂ ಚಾಲಕನಿಗೆ ಮೊದಲು ಹೇಳುವುದು ಗಾಯಾಳುವಿನ ಚಿಕಿತ್ಸೆಗೆ ವ್ಯವಸ್ಥೆ ಮಾಡು ಎಂದೇ. ಥರ್ಡ್ ಪಾರ್ಟಿ ವಿಮೆಗೆ ವರ್ಷವರ್ಷ ದುಡ್ಡು ಕಟ್ಟಿ, ಬೇಕಾದ ದಿನ ಅದನ್ನು ಮುಚ್ಚಿಡುವುದು ಯಾವ ಜಾಣತನವೋ!

ಇದನ್ನೆಲ್ಲ ಹೇಳಿದರೂ ಕಾನೂನು ಆ ಬೈಕಿನ ಹುಡುಗನಿಗೆ ಹಿಡಿಸಲಿಲ್ಲ. ಅವನ ಅಂಜಿಕೆ ದೇವರದು. ನಾನೂ ಹುಮನಾಬಾದಿನ ವೀರಭದ್ರನ ತೇರು ಎಳೆದವನೇ. ದೇವರ ಕಥೆಯನ್ನೇ ತೆಗೆದೆ: "ದಕ್ಷನ ಯಜ್ಞದಾಗ ಮಂತ್ರ ಇತ್ತು, ಹವಿಸ್ಸು ಇತ್ತು, ಋಷಿಗಳಿದ್ರು, ಎಲ್ಲಾ ಪದ್ಧತಿ ಪ್ರಕಾರನೇ ನಡದಿತ್ತು. ಒಳಗ ಅನ್ಯಾಯ ಇತ್ತು ಅಂತ ಅದನ್ನ ಕೆಡವಿದಾಂವ ಯಾರು? ಇದೇ ವೀರಭದ್ರ. ನಿನ್ನ ಮೂರು ಸಾವಿರದ ಆಣಿ ಕಾಯಾಕ ಅವ ಕುಂತಾನೇನು?"

ಹುಡುಗ ಪಕ್ಕೆ ಹಿಡಿದುಕೊಂಡೇ ಯೋಚಿಸಿದ. "ಗುಡಿಗಿ ಹೋಗಿ ಒಂದ್ಸಲ ಕೇಳಿ ಬರ್ತೀನ್ರಿ ಕಾಕಾ."

"ಹೋಗಪ್ಪಾ," ಅಂದೆ, "ಎಕ್ಸ್‌ರೇನೂ ತಗೊಂಡು ಹೋಗು."